ಕಮಲಕ್ಕನ ಕೋಳಿ ಅಂಗಡಿ, ಬಿಳಿಗಲ್ಲು ಹಳ್ಳ

ಹೆಂಗಸೊಬ್ಬಳು ಕೋಳಿ ಅಂಗಡಿ ಇಟ್ಟದ್ದನ್ನು ನಮ್ಮ ಕಡೆಯಲ್ಲಿ ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಕೊಪ್ಪದಿಂದ ಹರಿಹರಪುರಕ್ಕೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಎರಡು ಮೈಲಿ ಹೋದರೆ ಬಿಳಿಗಲ್ಲು. ಬಸ್ಸು ನಿಲ್ಲುವಲ್ಲಿ ಒಂದು ಹೋಟೆಲು, ಸೊಸೈಟಿ, ಪಂಚಾಯಿತಿ ಕಟ್ಟಡ, ಸ್ವಲ್ಪ ಮೇಲೆ ಹೈಸ್ಕೂಲು. ರಸ್ತೆಯ ಕೆಳಗೆ ಹಳ್ಳ. 2001ರ ಯುಗಾದಿ ಕಳೆದ ವಾರ, ಹೋಟೆಲಿನ ಪಕ್ಕದ ಒಂಟಿ ಕೋಣೆಯ ಮುಂದೆ ಕಮಲಕ್ಕ ತಂತಿಯ ಗೂಡು ಇಟ್ಟು, ಹಲಸಿನ ಕೊರಡು ಹಾಕಿ, ಕತ್ತಿ ಮಸೆದು ಕೂತಳು.

ಅವಳ ಗಂಡ ಹೂವಪ್ಪ ಬಾಡಿಗೆ ಜೀಪು ಓಡಿಸುತ್ತಿದ್ದ. ಬಾಳೆಹೊನ್ನೂರಿನಿಂದ ಬರುವಾಗ ತಿರುವಿನಲ್ಲಿ ಜೀಪು ಮಗುಚಿ ತೀರಿಕೊಂಡ. ಮಗಳು ನಯನಳಿಗೆ ಆಗ ಆರು ವರ್ಷ. ಹೂವಪ್ಪನ ಅಣ್ಣಂದಿರು ಗದ್ದೆ, ತೋಟ ಇದ್ದ ಗೌಡರೇ. ಅವರು ಕಮಲಕ್ಕನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಎಷ್ಟು ವರ್ಷ ಕೂರುವುದು ಎಂದು ಅವಳೇ ಹೊರಗೆ ಬಂದಳು. ರಸ್ತೆ ಬದಿಯ ಒಂಟಿ ಕೋಣೆ ಹೂವಪ್ಪನ ಪಾಲಿಗೆ ಬಂದದ್ದು, ತಾಯಿ ಮಗಳ ವಾಸವೂ ಅದರಲ್ಲೇ. ಬ್ರಾಯ್ಲರ್ ಕೋಳಿ ತುಂಬಿದ ವ್ಯಾನು ವಾರಕ್ಕೆರಡು ಸಲ ಶಿವಮೊಗ್ಗದ ಕಡೆಯಿಂದ ಬರುತ್ತದೆ ಎಂದು ತಿಳಿದು ಅಂಗಡಿ ಇಟ್ಟಳು. ನಮ್ಮ ಮನೆತನದ ಹೆಂಗಸು ಕತ್ತಿ ಹಿಡಿದು ಬೀದಿಯಲ್ಲಿ ಕೂರುವುದೇ ಎಂದು ಭಾವಂದಿರು ಒಂದು ವರ್ಷ ಮಾತು ಬಿಟ್ಟರು. ಎರಡನೇ ವರ್ಷ ಹಬ್ಬಕ್ಕೆ ಅವರೂ ಅಲ್ಲಿಂದಲೇ ಕೋಳಿ ತರಿಸಿದರು.

ನಾನು ಆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿಘ್ನೇಶ್ವರ ನನ್ನ ಹೆಸರು. ನಮ್ಮದು ಮೀನು ಮಾಂಸ ಮುಟ್ಟದ ಮನೆ, ಬೇಗಾರಿನ ಹತ್ತಿರ ಸ್ವಲ್ಪ ಅಡಿಕೆ ತೋಟ. ದಿನಾ ಬಸ್ಸಿಳಿದು ಶಾಲೆಗೆ ಹೋಗುವಾಗ ಆ ಅಂಗಡಿಯ ಮುಂದೆ ಬಂದಾಗ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಕಮಲಕ್ಕ ಅದನ್ನು ಗಮನಿಸಿದ್ದಳು. ಬೇಸರ ಮಾಡಿಕೊಳ್ಳಲಿಲ್ಲ. ನಾನು ಬರುವ ಹೊತ್ತಿಗೆ ಕೊರಡಿನ ಮೇಲೆ ಗೋಣಿ ಮುಚ್ಚಿ, ಎದ್ದು ನಿಂತು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಮಸ್ಕಾರ ಮೇಷ್ಟ್ರೇ ಎನ್ನುತ್ತಿದ್ದಳು.

ನಯನ ಎಂಟನೇ ತರಗತಿಗೆ ನಮ್ಮ ಶಾಲೆಗೆ ಬಂದಳು. ಸಣಕಲು ಹುಡುಗಿ, ಮಾತಾಡಲು ನಿಂತರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದಳು. ಅಂಗಡಿಯ ವಾಸನೆ ಬರುತ್ತದೆ ಎಂದು ಒಬ್ಬಿಬ್ಬರು ಅವಳ ಪಕ್ಕ ಕೂರಲು ಹಿಂದೆ ಮುಂದೆ ನೋಡುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಅವಳ ಅಮ್ಮನಿಗೂ ಗೊತ್ತಿತ್ತು. ಕಮಲಕ್ಕ ದಿನಾ ಬೆಳಿಗ್ಗೆ ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿ, ಅಂಗಡಿಯಿಂದ ದೂರ, ಹೋಟೆಲಿನವರ ಮನೆಯ ಜಗಲಿಯಲ್ಲಿ ತೂಗುಹಾಕಿ ಬರುತ್ತಿದ್ದಳು. ಹುಡುಗಿ ಅಲ್ಲಿ ಬಟ್ಟೆ ಬದಲಿಸಿ ಶಾಲೆಗೆ ಬರುತ್ತಿದ್ದಳು.

2007ರಲ್ಲಿ ನಯನ ಹತ್ತನೇ ತರಗತಿ. ಮಾಂಸ ತಿನ್ನುವುದರಿಂದ ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಆ ಹೊತ್ತಿಗೆ ಪತ್ರಿಕೆಗಳಲ್ಲಿ ಜೋರಾಗಿತ್ತು. ಒಂದು ಕಿಲೋ ಮಾಂಸಕ್ಕೆ ಎಷ್ಟು ಕಾಳು ಬೇಕು, ಎಷ್ಟು ನೀರು ಬೇಕು, ಎಲ್ಲೆಲ್ಲಿ ಕಾಡು ಕಡಿದು ಹುಲ್ಲುಗಾವಲು ಮಾಡಿದ್ದಾರೆ, ಹೀಗೆ. ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಚರ್ಚೆ. ಮಾಂಸ ತಿನ್ನದ ನಾವು ನಾಲ್ಕು ಜನ ಗೆದ್ದವರಂತೆ ಮಾತಾಡುತ್ತಿದ್ದೆವು. ತಿನ್ನುವವರು ನಕ್ಕು, ನಿಮ್ಮ ತೋಟಕ್ಕೆ ಲೋಡುಗಟ್ಟಲೆ ಕೋಳಿ ಗೊಬ್ಬರ ತರಿಸುತ್ತೀರಲ್ಲ, ನಾವು ಕೋಳಿ ತಿನ್ನುವುದು ಬಿಟ್ಟರೆ ಅದು ಎಲ್ಲಿಂದ ಬರುತ್ತದೆ ಎಂದು ಕೇಳುತ್ತಿದ್ದರು. ಆಗ ನಾವು ಮಾತು ಬದಲಿಸುತ್ತಿದ್ದೆವು.

ಆ ಡಿಸೆಂಬರಿನಲ್ಲಿ ಕೊಪ್ಪದ ಪರಿಸರ ಆಸಕ್ತರು ಕೆಲವರು ಸೇರಿ ಮೂರು ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ಚರ್ಚಾ ಸ್ಪರ್ಧೆ ಇಟ್ಟರು. ಶೃಂಗೇರಿ, ನರಸಿಂಹರಾಜಪುರದಿಂದಲೂ ಮಕ್ಕಳು ಬರುವವರಿದ್ದರು. ವಿಷಯ, ಮಾಂಸಾಹಾರ ಪರಿಸರಕ್ಕೆ ಹಾನಿಕರ. ಪರವೋ ವಿರೋಧವೋ ಎಂದು ಚೀಟಿ ಎತ್ತಿ ಮೊದಲೇ ತಿಳಿಸಿದ್ದರು. ನಯನಳಿಗೆ ಪರ ಬಂತು.

ಬೇರೆ ಹುಡುಗಿಯನ್ನು ಕಳಿಸಬಹುದಿತ್ತು. ಆದರೆ ಅವಳಷ್ಟು ಚೆನ್ನಾಗಿ ಮಾತಾಡುವವರು ಶಾಲೆಯಲ್ಲಿ ಇರಲಿಲ್ಲ, ನನಗೆ ಬಹುಮಾನದ ಆಸೆ ಇತ್ತು. ಅಮ್ಮನಿಗೆ ಹೇಳಿದ್ದೀಯಾ ಎಂದು ಕೇಳಿದೆ. ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಎಂದು ನಾನು ಇನ್ನೊಮ್ಮೆ ಕೇಳಲಿಲ್ಲ.

ಮೂರು ಸಂಜೆ ಅಭ್ಯಾಸ ಮಾಡಿಸಿದೆ. ಪತ್ರಿಕೆಯಿಂದ ಬರೆದುಕೊಂಡದ್ದನ್ನೆಲ್ಲ ಅವಳು ತಡವರಿಸದೆ ಹೇಳಿದಳು. ಕೇಳುವುದಕ್ಕೆ ಒಣಒಣ ಅನಿಸಿತು. ಆಗ ನಾನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಅಮೆಜಾನ್ ಕಾಡು ನಮ್ಮಲ್ಲಿ ಯಾರು ನೋಡಿದಾರೆ ನಯನ? ನೀನು ಕಣ್ಣಾರೆ ಕಂಡದ್ದು ಒಂದು ಹೇಳು. ಆಗ ಕೇಳೋರಿಗೆ ತಾಗ್ತದೆ."

ಅವಳು, ಆಯ್ತು ಸಾರ್ ಎಂದಳು. ಏನು ಹೇಳುತ್ತಾಳೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸ್ಪರ್ಧೆಯ ದಿನ ಭಾನುವಾರ. ಕಮಲಕ್ಕನ ಅಂಗಡಿಗೆ ಅದೇ ದೊಡ್ಡ ವ್ಯಾಪಾರದ ದಿನ. ಆದರೂ ಬೆಳಿಗ್ಗೆ ಹತ್ತಕ್ಕೇ ಬಾಗಿಲು ಹಾಕಿ, ಸೀಗೆಪುಡಿ ಹಾಕಿ ತಲೆ ಸ್ನಾನ ಮಾಡಿ, ಹಸಿರು ರೇಷ್ಮೆ ಸೀರೆ ಉಟ್ಟು, ಮುಡಿಗೆ ಸೇವಂತಿಗೆ ಮುಡಿದು ಕೊಪ್ಪಕ್ಕೆ ಬಂದಳು. ಮಗಳು ಸ್ಟೇಜಿನ ಮೇಲೆ ಮಾತಾಡುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಶಾಲೆಯ ಸಮಾರಂಭಗಳಿಗೆ ಕರೆದರೂ, ಬ್ಯಾಡ ಮೇಷ್ಟ್ರೇ, ನನ್ನ ಮೈಯೆಲ್ಲ ಕೋಳಿ ನಾತ ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಸಭಾಂಗಣದಲ್ಲಿ ಹಿಂದಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ನನಗೆ ಸಂತೋಷವೇ ಆಯಿತು. ಹೋಗಿ ಮಾತಾಡಿಸಿದೆ. ಎಂತದರ ಬಗ್ಗೆ ಮಾತಾಡ್ತಾಳೆ ಎಂದು ಅವಳು ನನ್ನನ್ನೇ ಕೇಳಿದಾಗ, ಮಗಳು ಮನೆಯಲ್ಲಿ ಏನೂ ಹೇಳಿಲ್ಲ ಎಂದು ತಿಳಿಯಿತು. ಪರಿಸರದ ಬಗ್ಗೆ ಎಂದಷ್ಟೇ ಹೇಳಿ ಮುಂದೆ ಬಂದು ಕೂತೆ. ಆಗಲೂ ತಡೆಯಬಹುದಿತ್ತು.

ನಯನ ಐದನೆಯವಳಾಗಿ ಬಂದಳು. ಕಾಳು, ನೀರು, ಬಿಸಿಯ ಲೆಕ್ಕವನ್ನೆಲ್ಲ ಎರಡು ನಿಮಿಷದಲ್ಲಿ ಮುಗಿಸಿದಳು. ಆಮೇಲೆ ದನಿ ತಗ್ಗಿಸಿ ತಮ್ಮೂರಿನ ಹಳ್ಳದ ಬಗ್ಗೆ ಹೇಳತೊಡಗಿದಳು. ತಾನು ಚಿಕ್ಕವಳಿದ್ದಾಗ ಅಮ್ಮನ ಜೊತೆ ಹೋಗಿ ಕಲ್ಲು ಎತ್ತಿ ಏಡಿ ಹಿಡಿಯುತ್ತಿದ್ದದ್ದು, ಮಡಿಕೆ ತುಂಬ ಏಡಿ ತಂದು ಸಾರು ಮಾಡುತ್ತಿದ್ದದ್ದು. ಈಗ ಆ ಹಳ್ಳದಲ್ಲಿ ಒಂದು ಏಡಿ ಇಲ್ಲ, ಮೀನಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಪುಕ್ಕ ಮೆತ್ತಿರುತ್ತದೆ. ಕೆಳಗಿನ ಮನೆಯ ಸುಮಿತ್ರಮ್ಮನ ಬಾವಿ ನೀರು ನಾರುತ್ತದೆ. ಕೋಳಿ ಅಂಗಡಿಯ ಕರುಳು, ಪುಕ್ಕ ಎಲ್ಲವನ್ನೂ ಆರು ವರ್ಷದಿಂದ ಹಳ್ಳಕ್ಕೇ ಸುರಿಯುತ್ತಿದ್ದಾರೆ.

"ಆ ಅಂಗಡಿ ನಮ್ಮದೇ. ನನ್ನ ಪುಸ್ತಕ, ಈ ಯೂನಿಫಾರ್ಮು ಎಲ್ಲ ಆ ಅಂಗಡಿಯಿಂದಲೇ ಬಂದದ್ದು. ಆದರೂ ನಾನಿಲ್ಲಿ ಸುಳ್ಳು ಹೇಳೋದಕ್ಕೆ ಆಗೋದಿಲ್ಲ," ಎಂದಳು.

ಆಮೇಲೆ ಬಿದ್ದ ಚಪ್ಪಾಳೆಯಂಥದ್ದನ್ನು ನಾನು ಮಕ್ಕಳ ಯಾವ ಸ್ಪರ್ಧೆಯಲ್ಲೂ ಕೇಳಿಲ್ಲ. ನಾನೂ ತಟ್ಟಿದೆ. ತಟ್ಟುತ್ತಲೇ ಹಿಂದೆ ತಿರುಗಿ ನೋಡಿದೆ. ಕಮಲಕ್ಕನೂ ಚಪ್ಪಾಳೆ ತಟ್ಟುತ್ತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ ಅವಳ ಕೈ ಎರಡು ಸಲ ಆಡಿತು.

ನಯನಳಿಗೇ ಮೊದಲ ಬಹುಮಾನ. ಕೊನೆಗೆ ಅಧ್ಯಕ್ಷತೆ ವಹಿಸಿದ್ದವರು, ಸಭಿಕರಲ್ಲಿ ಯಾರಾದರೂ ಮಾತಾಡುವುದಿದ್ದರೆ ಮಾತಾಡಿ ಎಂದರು. ಬಿಳಿಗಲ್ಲಿನವರು ಯಾರೋ, ಆ ಹುಡುಗಿಯ ತಾಯಿ ಇಲ್ಲೇ ಇದ್ದಾಳೆ ಎಂದು ಕೂಗಿ ಹೇಳಿದರು. ಎಲ್ಲರ ಮುಖವೂ ಹಿಂದಕ್ಕೆ ತಿರುಗಿತು. ಸ್ಟೇಜಿನ ಮೇಲಿದ್ದ ನಯನ ಅಮ್ಮನನ್ನು ಕಂಡದ್ದು ಆಗಲೇ. ಅಮ್ಮ ಭಾನುವಾರ ಅಂಗಡಿ ಬಿಟ್ಟು ಬರುವವಳಲ್ಲ ಎಂದೇ ಅವಳು ಧೈರ್ಯ ಮಾಡಿದ್ದಳು.

ಕಮಲಕ್ಕ ಎದ್ದು ನಿಂತಳು. ಮೈಕು ಕೊಡಲು ಹೋದವರಿಗೆ ಬೇಡವೆಂದು ಕೈಮಾಡಿದಳು.

"ಅವಳು ಹೇಳಿದ್ದು ಸುಳ್ಳಲ್ಲ. ಹಳ್ಳಕ್ಕೆ ಹಾಕ್ತಿದ್ದೋಳು ನಾನೇ. ಮತ್ತೆಲ್ಲಿ ಹಾಕ್ಬೇಕು ಅಂತ ಗೊತ್ತಿರ್ಲಿಲ್ಲ. ಯಾರೂ ಹೇಳ್ಲೂ ಇಲ್ಲ," ಎಂದು ಕೂತಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸ್ಸಿನಲ್ಲಿ ತಾಯಿ ಮಗಳು ಪಕ್ಕಪಕ್ಕದಲ್ಲೇ ಕೂತು ಬಂದರು. ನಯನ ಬಹುಮಾನದ ಕಪ್ಪನ್ನು ಕಾಲ ಬಳಿ ಇಟ್ಟುಕೊಂಡಿದ್ದಳು. ಕಮಲಕ್ಕ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಊರು ಬರುವವರೆಗೂ ಮಡಿಲಲ್ಲಿ ಹಿಡಿದಿದ್ದಳು.

ಅವತ್ತು ಮನೆಗೆ ಹೋಗಿ ಕಮಲಕ್ಕ, ಮಗಳು ಗೆದ್ದು ಬಂದಿದ್ದಾಳೆ ಎಂದು ಕೋಳಿ ಸಾರು, ಕಡುಬು ಮಾಡಿದಳಂತೆ. ಅವಳಿಗೆ ಸಂತೋಷಕ್ಕೆ ಗೊತ್ತಿದ್ದ ಅಡುಗೆ ಅದೊಂದೇ. ನಯನ ತಟ್ಟೆ ಮುಂದೆ ಕೂತು, ಸಾರು ಬೇಡ, ಬರೀ ಕಡುಬು ಸಾಕು ಎಂದಳು. ಸಭೆಯಲ್ಲಿ ಅಷ್ಟು ಮಾತಾಡಿ ಬಂದು ಮನೆಯಲ್ಲಿ ತಿಂದರೆ ಸರಿಯಲ್ಲ ಎಂಬ ಹದಿನೈದು ವರ್ಷದ ಹಟ. ಕಮಲಕ್ಕ ಒತ್ತಾಯ ಮಾಡಲಿಲ್ಲ. ಬೆಲ್ಲ, ತೆಂಗಿನಕಾಯಿ ಹಾಕಿ ಕೊಟ್ಟಳು. ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಹೋಟೆಲಿನವರಿಗೆ ಕೊಟ್ಟು ಬಂದಳು. ಆಮೇಲೆ ಆ ಮನೆಯಲ್ಲಿ ಮಾಂಸದ ಅಡುಗೆ ಆಗಲಿಲ್ಲ. ಇದನ್ನು ನಯನ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಮರುವಾರ ಜಿಲ್ಲೆಯ ಒಂದು ವಾರಪತ್ರಿಕೆ, ತಾಯಿಯ ಅಂಗಡಿ ವಿರುದ್ಧವೇ ಮಗಳ ದನಿ ಎಂದು ಹುಡುಗಿಯ ಫೋಟೋ ಹಾಕಿ ಬರೆಯಿತು. ಅದನ್ನು ಕತ್ತರಿಸಿ ಹೋಟೆಲಿನ ಗೋಡೆಗೆ ಅಂಟಿಸಿದರು. ಅದೇ ನೆಪವಾಯಿತು. ಪಂಚಾಯಿತಿ ಮೆಂಬರು ಸೋಮಶೇಖರಪ್ಪ ಅಂಗಡಿ ಮುಚ್ಚಿಸಬೇಕೆಂದು ಅರ್ಜಿ ಬರೆಸಿ ಮನೆಮನೆಗೆ ಕಳಿಸಿದರು. ಸಹಿ ಹಾಕಿದ ಎಂಬತ್ತು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರತಿ ಭಾನುವಾರ ಅದೇ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುತ್ತಿದ್ದವರು. ಅರ್ಜಿ ಶಾಲೆಗೂ ಬಂತು. ಹಳ್ಳ ಉಳಿಯಬೇಕು ಎಂಬುದರಲ್ಲಿ ತಪ್ಪೇನಿದೆ ಎಂದು ನಾನೂ ಸಹಿ ಹಾಕಿದೆ.

ಜನವರಿಯಲ್ಲಿ ಗ್ರಾಮಸಭೆ ಸೇರಿತು. ಅಂಥ ಚರ್ಚೆ ಬಿಳಿಗಲ್ಲಿನಲ್ಲಿ ಹಿಂದೆ ನಡೆದಿರಲಿಲ್ಲ. ಮಾಂಸ ತಿನ್ನುವುದೇ ತಪ್ಪು ಎಂದು ಒಬ್ಬರು, ತಿನ್ನುವುದು ತಪ್ಪಲ್ಲ ಬಿಸಾಡುವುದು ತಪ್ಪು ಎಂದು ಇನ್ನೊಬ್ಬರು, ಇದರಲ್ಲಿ ಜಾತಿ ತರಬೇಡಿ ಎಂದು ಮತ್ತೊಬ್ಬರು. ಕಮಲಕ್ಕನ ಸರದಿ ಬಂದಾಗ ಅವಳು ಯಾರನ್ನೂ ಬೈಯಲಿಲ್ಲ. ಗೋಮಾಳದ ಮೂಲೆಯಲ್ಲಿ ಒಂದು ಗುಂಡಿ ತೆಗೆಯಲು ಜಾಗ ಕೊಡಿ, ಸುಣ್ಣ ಹಾಕಿ ಮುಚ್ಚುತ್ತೇನೆ, ಒಂದು ಪುಕ್ಕವೂ ಹಳ್ಳಕ್ಕೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಕೇಳಿದಳು. ಆಮೇಲೆ, ಏಡಿ ಸತ್ತದ್ದು ನನ್ನೊಬ್ಬಳಿಂದಲೋ ಎಂದೂ ನೋಡಬೇಕು ಎಂದಳು. ತೋಟಕ್ಕೆ ಹೊಡೆಯುವ ಮೈಲುತುತ್ತಿನ ನೀರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಕೊಳೆ ನೀರು ಎಲ್ಲ ಇದೇ ಹಳ್ಳಕ್ಕೆ ಬರುತ್ತದಲ್ಲ ಎಂದಳು.

ಅಲ್ಲಿಗೆ ಸಭೆ ತಣ್ಣಗಾಯಿತು. ಪಲ್ಪರು ಇದ್ದದ್ದು ಸೋಮಶೇಖರಪ್ಪನವರ ಮನೆಯಲ್ಲಿ. ಮೈಲುತುತ್ತು ಎಲ್ಲರ ಮನೆಯಲ್ಲೂ ಇತ್ತು, ನನ್ನ ಮನೆಯಲ್ಲೂ. ಗುಂಡಿಗೆ ಜಾಗ ಗೊತ್ತಾಗುವ ತನಕ ಅಂಗಡಿ ಮುಚ್ಚಬೇಕು ಎಂದು ಠರಾವು ಬರೆದರು. ಆ ಜಾಗ ಗೊತ್ತಾಗಲೇ ಇಲ್ಲ.

ಕಮಲಕ್ಕ ಮರುದಿನವೇ ಉಳಿದ ಕೋಳಿಗಳನ್ನು ವ್ಯಾನಿನವನಿಗೆ ಹಿಂದಕ್ಕೆ ಕೊಟ್ಟು ಗೂಡು ಮಗುಚಿ ಹಾಕಿದಳು. ಹತ್ತಿರದ ಎಸ್ಟೇಟಿಗೆ ಕಾಫಿ ಕೊಯ್ಯಲು ಹೋದಳು. ಊರಿನವರು ಕೋಳಿ ತಿನ್ನುವುದು ಬಿಡಲಿಲ್ಲ. ಕೊಪ್ಪದಿಂದ ಕತ್ತರಿಸಿದ್ದೇ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು. ಅದರ ಕರುಳು, ಪುಕ್ಕ ಯಾವ ಹಳ್ಳ ಸೇರಿತೋ ಯಾರೂ ಕೇಳಲಿಲ್ಲ. ನಮ್ಮ ಹಳ್ಳಕ್ಕೆ ಬೀಳಲಿಲ್ಲ ಎಂಬುದಷ್ಟೇ ಸಾಕಾಗಿತ್ತು.

ಫೆಬ್ರವರಿಯ ಒಂದು ಸಂಜೆ ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಕೆಳಗೆ ಗುದ್ದಲಿಯ ಸದ್ದು ಕೇಳಿತು. ಇಣುಕಿದೆ. ಕಮಲಕ್ಕ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಹಳ್ಳದ ಮೊಣಕಾಲು ನೀರಿನಲ್ಲಿ ನಿಂತು, ಕಪ್ಪು ಕೆಸರನ್ನು ಎಳೆದೆಳೆದು ಬುಟ್ಟಿಗೆ ತುಂಬುತ್ತಿದ್ದಳು. ಆರು ವರ್ಷದ ಪುಕ್ಕ, ಮೂಳೆ, ಊರಿನವರು ಎಸೆದ ಬಾಟಲಿ, ಚೀಲ ಎಲ್ಲ ಅದರಲ್ಲಿತ್ತು. ದಡದ ಮೇಲೆ ತನ್ನದೇ ಕೋಣೆಯ ಹಿಂದೆ ಆಳು ಎತ್ತರದ ಗುಂಡಿ ತೆಗೆದಿದ್ದಳು. ಅದಕ್ಕೆ ಹೊತ್ತು ಹಾಕುತ್ತಿದ್ದಳು. ಅಂಗಡಿಗೆ ಆಗ ಆ ಗುಂಡಿ ಸಾಲುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ನಾಕು ತಿಂಗಳಿಗೆ ತುಂಬ್ತದೆ ಮೇಷ್ಟ್ರೇ, ಆಮೇಲೆ ಎಲ್ಲಿ, ಅದಕ್ಕೆ ಗೋಮಾಳ ಕೇಳಿದ್ದು ಎಂದಳು.

ಇದನ್ನೆಲ್ಲ ಒಬ್ಬಳೇ ಯಾಕೆ ಮಾಡ್ತೀಯ, ಪಂಚಾಯಿತಿಯವರು ಮಾಡಲಿ ಎಂದೆ.

"ಏಡಿ ಇಲ್ಲ ಅಂದ್ಲಲ್ಲ ಸಭೇಲಿ. ಅದು ಮತ್ತೆ ಬರ್ಬೇಕು," ಎಂದಳು. ಗುದ್ದಲಿಗೆ ಮೆತ್ತಿದ ಕೆಸರು ಕೆರೆಯುತ್ತ, ತಲೆ ಎತ್ತದೆಯೇ ಇನ್ನೊಂದು ಮಾತು ಸೇರಿಸಿದಳು. "ಅರ್ಜೀಲಿ ನಿಮ್ಮ ಸಹಿ ನೋಡ್ದೆ ಮೇಷ್ಟ್ರೇ. ಎಷ್ಟು ಚಂದ ಅಕ್ಷರ ನಿಮ್ದು."

ವ್ಯಂಗ್ಯ ಅವಳಿಗೆ ಬರುತ್ತಿರಲಿಲ್ಲ. ನಿಜವಾಗಿಯೂ ಅಕ್ಷರವನ್ನೇ ಹೊಗಳಿದ್ದಳು. ನಾನು ಬಸ್ಸು ಬಂತೆಂದು ಹೇಳಿ ಹೊರಟೆ. ಬಸ್ಸು ಬಂದಿರಲಿಲ್ಲ. ರಸ್ತೆಯ ತಿರುವಿನವರೆಗೂ ನಡೆದು ಹೋಗಿ ಅಲ್ಲಿ ನಿಂತೆ.

ನಯನ ಸಹಾಯಕ್ಕೆ ಹೋದರೆ, ಪರೀಕ್ಷೆ ಮುಗೀಲಿ ಎಂದು ವಾಪಸು ಕಳಿಸುತ್ತಿದ್ದಳಂತೆ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಮೇಲೆ ತಾಯಿ ಮಗಳು ಇಬ್ಬರೂ ಇಳಿದರು. ಮಳೆಗಾಲಕ್ಕೆ ಮೊದಲು ಸುಮಿತ್ರಮ್ಮನ ಬಾವಿಯವರೆಗೆ ಮುಗಿಸಬೇಕು ಎಂಬುದು ಕಮಲಕ್ಕನ ಹಟ. ಸುಮಿತ್ರಮ್ಮ ದಿನಾ ಮಜ್ಜಿಗೆ ತಂದು ಕೊಡುತ್ತಿದ್ದಳು. ಬೇರೆ ಯಾರೂ ಬರಲಿಲ್ಲ. ಪರಿಸರದ ಬಗ್ಗೆ ಮಾತಾಡಿದ ನಾವು ಯಾರೂ ಹಳ್ಳಕ್ಕೆ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಗಮ್ ಬೂಟು ಎರಡು ಜೊತೆ ಇತ್ತು. ಒಂದು ಜೊತೆ ತಂದು ಕೊಡಬೇಕು ಎಂದು ರಜೆಯಲ್ಲಿ ಎರಡು ಮೂರು ಸಲ ಅಂದುಕೊಂಡೆ.

ಸ್ಪರ್ಧೆಯ ದಿನದಿಂದ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತು. ಜಗಳ ಇರಲಿಲ್ಲ, ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ದಡದ ಮೇಲೆ ಕೂತು ಬುತ್ತಿ ಉಣ್ಣುವಾಗ ನಯನ, ಅವತ್ತು ನನ್ನಿಂದ ತಪ್ಪಾಯ್ತಾ ಅಮ್ಮ ಎಂದು ಕೇಳಿದಳಂತೆ. ಕಮಲಕ್ಕ ಉಣ್ಣುವುದನ್ನು ನಿಲ್ಲಿಸಿದಳು.

"ಹೇಳಿದ್ದು ಸರಿನೇ ಇತ್ತು. ನಂಗೇ ಮನೇಲಿ ಹೇಳಿದ್ರೆ ಅವತ್ತೇ ಬಿಡ್ತಿದ್ದೆ ಮಗಾ. ಅಷ್ಟು ಜನರ ಮುಂದೆ ಹೇಳೋದು ಬೇಕಿತ್ತಾ?"

ಅದಕ್ಕೆ ನಯನ ಅತ್ತಳು. ಕಮಲಕ್ಕ ಕೆಸರುಗೈಯಾದ್ದರಿಂದ ಮೊಣಕೈಯಿಂದ ಮಗಳ ತಲೆಯನ್ನು ಹತ್ತಿರ ಎಳೆದುಕೊಂಡಳು. ಬೇಸಿಗೆಯ ಮಳೆ ನಾಲ್ಕು ಹನಿ ಬಿತ್ತು. ಇಬ್ಬರೂ ಎದ್ದು ಮತ್ತೆ ಕೆಲಸಕ್ಕೆ ಇಳಿದರು. ಆ ಸಂಜೆಯೇ ಕೆಸರಿನೊಳಗಿದ್ದ ಬಾಟಲಿ ಚೂರು ಕಮಲಕ್ಕನ ಹಿಮ್ಮಡಿಗೆ ಹೊಕ್ಕಿತು. ಅರಿಶಿನ ಹಾಕಿ ಬಟ್ಟೆ ಕಟ್ಟಿಕೊಂಡು ಮಾರನೇ ದಿನವೂ ನೀರಿಗಿಳಿದಳು.

ಎರಡು ವಾರದೊಳಗೆ ಜ್ವರ ಬಂತು. ಮೈಕೈ ನೋವು, ಕಾಲಿನ ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ಮಳೆ ನೀರಿನ ಜ್ವರ ಎಂದು ಕಾಳುಮೆಣಸಿನ ಕಷಾಯ ಕುಡಿದು ಮಲಗಿದಳು. ಫಲಿತಾಂಶ ಬಂದದ್ದು ಆ ದಿನಗಳಲ್ಲೇ. ನಯನ ಶಾಲೆಗೇ ಮೊದಲು. ಹೇಳಲು ಹೋದವನು ನಾನು. ಕಮಲಕ್ಕ ಗೋಡೆಗೆ ಒರಗಿ ಕೂತು ಅಂಕಪಟ್ಟಿಯ ಪ್ರತಿಯ ಮೇಲೆ ಬೆರಳಾಡಿಸಿದಳು. ಆಗ ಅವಳ ಕಣ್ಣು ನೋಡಿದೆ. ಬಿಳಿಭಾಗ ಅರಿಶಿನದ ಬಣ್ಣವಾಗಿತ್ತು.

ಆ ಗಳಿಗೆಯಲ್ಲೇ ಜೀಪು ಮಾಡಿ ಕೊಪ್ಪದ ಆಸ್ಪತ್ರೆಗೆ, ಅಲ್ಲಿಂದ ಡಾಕ್ಟರು ಬರೆದುಕೊಟ್ಟಂತೆ ಮಣಿಪಾಲಕ್ಕೆ ಒಯ್ದೆವು. ಇಲಿಜ್ವರ ಎಂದರು. ಇಲಿ ಮೂತ್ರ ಸೇರಿದ ಕೊಳೆ ನೀರು ಗಾಯದೊಳಗೆ ಹೋಗಿ ಬರುವ ಕಾಯಿಲೆ, ಮೂತ್ರಪಿಂಡ ಆಗಲೇ ನಿಂತಿದೆ ಎಂದರು. ಮೂರು ದಿನ ಹೋರಾಡಿದರು. ಕಮಲಕ್ಕ ಮಾತು ನಿಲ್ಲುವ ಮೊದಲು ಕೇಳಿದ್ದು ಸುಮಿತ್ರಮ್ಮನ ಬಾವಿಯ ಬಗ್ಗೆ. ಇನ್ನು ಎಷ್ಟು ಮಾರು ಉಳಿದಿತ್ತು ಎಂದು ಮಗಳನ್ನು ಕೇಳಿದಳು. ಹತ್ತು ಎಂದು ನಯನ ಹೇಳಿದಳು. ಜೂನ್ ಒಂಬತ್ತರ ಬೆಳಿಗ್ಗೆ ಕಮಲಕ್ಕ ತೀರಿಕೊಂಡಳು. ಅವಳಿಗೆ ಆಗ ಮೂವತ್ತೆಂಟು.

ಹೆಣ ಊರಿಗೆ ಬಂದಾಗ ಅರ್ಜಿಗೆ ಸಹಿ ಹಾಕಿದ ಎಂಬತ್ತು ಜನರೂ ಬಂದಿದ್ದರು. ಸೋಮಶೇಖರಪ್ಪ ಕಟ್ಟಿಗೆ ಕೊಟ್ಟರು. ಆ ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು, ಉಳಿದ ಹತ್ತು ಮಾರಿನ ಕೊಳೆಯನ್ನು ತಾನೇ ತೊಳೆದುಕೊಂಡು ಹೋಯಿತು.

ಹೂವಪ್ಪನ ತಂಗಿ ತುಂಗಮ್ಮ ಬಾಳೆಹೊನ್ನೂರಿನಲ್ಲಿದ್ದಳು. ನಯನಳನ್ನು ಅವಳು ಕರೆದುಕೊಂಡು ಹೋಗಿ ಅಲ್ಲೇ ಕಾಲೇಜಿಗೆ ಸೇರಿಸಿದಳು. ಹುಡುಗಿ ಮತ್ತೆ ಸ್ಟೇಜು ಹತ್ತಲಿಲ್ಲ. ಕೊಪ್ಪದ ಪರಿಸರದವರು ಮರುವರ್ಷವೂ ಸ್ಪರ್ಧೆ ಇಟ್ಟು ಅವಳನ್ನು ಅತಿಥಿಯಾಗಿ ಕರೆದರು. ಕಾಗದಕ್ಕೆ ಉತ್ತರ ಬರಲಿಲ್ಲ. ತೀರ್ಪುಗಾರನಾಗಿ ನನ್ನನ್ನೂ ಕರೆದಿದ್ದರು. ನಾನೂ ಹೋಗಲಿಲ್ಲ.

2009ರ ಜೂನಿನಲ್ಲಿ ವರ್ಷದ ತಿಥಿಗೆ ಬರಬೇಕೆಂದು ತುಂಗಮ್ಮ ಫೋನು ಮಾಡಿದ್ದಳು. ಅವರಲ್ಲಿ ತೀರಿಹೋದವರಿಗೆ ಇಷ್ಟವಾದ ಅಡುಗೆ ಮಾಡಿ ಎಲೆಯಲ್ಲಿ ಎಡೆ ಇಡುತ್ತಾರೆ. ನಾನು ಹೋದಾಗ ಮನೆಯಲ್ಲಿ ಅದರದೇ ಮಾತು. ಕಮಲಕ್ಕನ ಎಡೆಗೆ ಕೋಳಿ ಸಾರು, ಕಡುಬು ಇಡದೆ ಆಗುವುದಿಲ್ಲ. ಆದರೆ ನಯನ ಮಾಂಸ ಬಿಟ್ಟವಳು, ಅವಳ ಕಣ್ಣಮುಂದೆ ಮಾಡುವುದು ಹೇಗೆ. ಪೇಟೆಯಿಂದ ಕತ್ತರಿಸಿದ್ದನ್ನೇ ತಂದು ಹಿತ್ತಿಲಲ್ಲಿ ಬೇಯಿಸೋಣ ಎಂದು ತುಂಗಮ್ಮ ಮೆಲ್ಲಗೆ ಹೇಳುತ್ತಿದ್ದಳು.

ನಯನ ಯಾರ ಜೊತೆಯೂ ವಾದ ಮಾಡಲಿಲ್ಲ. ಹಿತ್ತಿಲಿಗೆ ಹೋಗಿ, ತಾನೇ ಮರಿಯಿಂದ ಸಾಕಿದ ಕೆಂಪು ನಾಟಿ ಹುಂಜವನ್ನು ಎತ್ತಿಕೊಂಡು ಬಂದಳು. ಇದಕ್ಕೇ ಸಾಕಿದ್ದು ಅತ್ತೆ, ನಾನೇ ಮಾಡ್ತೀನಿ ಎಂದಳು. ಬ್ಯಾಡ ಮಗಾ, ಬೇರೆಯವರು ಮಾಡ್ತಾರೆ ಎಂದು ತುಂಗಮ್ಮ ಕೈ ಹಿಡಿದಳು. ಹುಡುಗಿ ಕೈ ಬಿಡಿಸಿಕೊಂಡಳು.

ನಾನು ಜಗಲಿಯಲ್ಲಿ ಕೂತಿದ್ದೆ. ಎದ್ದು ದೂರ ಹೋಗಬೇಕು ಅನಿಸಲಿಲ್ಲ. ಅವಳು ಹುಂಜಕ್ಕೆ ನೀರು ಕುಡಿಸಿದಳು, ಕಣ್ಣಿನ ಮೇಲೆ ಅಂಗೈ ಮುಚ್ಚಿದಳು. ಒಂದೇ ಏಟಿಗೆ ಮುಗಿಯಿತು. ಬಿಸಿನೀರಿನಲ್ಲಿ ಅದ್ದಿ ಪುಕ್ಕ ತೆಗೆದಳು. ಪುಕ್ಕ, ಕರುಳು ಎಲ್ಲವನ್ನೂ ತೆಂಗಿನ ಬುಡದಲ್ಲಿ ಮೊದಲೇ ಅಗೆದಿಟ್ಟ ಗುಂಡಿಗೆ ಹಾಕಿ, ಮಣ್ಣು ಎಳೆದು ಕಾಲಿನಿಂದ ಒತ್ತಿದಳು. ಆಮೇಲೆ ಒಲೆಯ ಮುಂದೆ ಕೂತು, ತುಂಗಮ್ಮನನ್ನು ಒಂದು ಮಾತೂ ಕೇಳದೆ ಸಾರು ಮಾಡಿದಳು.

ಎಲೆ ಹಾಕಿ, ಬಡಿಸಿ, ದೀಪ ಹಚ್ಚಿ ಎಲ್ಲರೂ ಕೋಣೆಯಿಂದ ಹೊರಗೆ ಬಂದರು. ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು ಅವರ ಪದ್ಧತಿ. ನಯನ ಬಾಗಿಲು ಎಳೆದುಕೊಂಡು ಹೊಸ್ತಿಲ ಪಕ್ಕದಲ್ಲೇ ಕೂತಳು. ಮಕ್ಕಳಿಗೆ ಹಸಿವು. ಬಾಗಿಲು ತೆಗೆ, ಸಾಕು ಎಂದು ತುಂಗಮ್ಮ ಎರಡು ಸಲ ಹೇಳಿದಳು.

"ಇನ್ನೊಂದು ಚೂರು ಇರ್ಲಿ ಅತ್ತೆ," ಎಂದಳು ನಯನ. "ಅಮ್ಮ ನಿಧಾನ ಉಣ್ಣೋಳು."

ತುಂಗಮ್ಮ ಬಂದು ಅವಳ ಪಕ್ಕ ಕೂತಳು. ಮಕ್ಕಳೂ ಕೂತರು.